ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡುವ ಮೊದಲು: ಹಂತ ಹಂತವಾಗಿ ಏನೇನು ನೋಡಬೇಕು

ನಲವತ್ತು ನಿಮಿಷದಲ್ಲಿ ಬರುತ್ತೇನೆ ಅಂತ ಹೇಳಿ ಹೋದವಳು ಸರಿಯಾಗಿ ನಲವತ್ತೇ ನಿಮಿಷಕ್ಕೆ ಬಂದು ಬೆಲ್ ಒತ್ತಿದೆ. ಬಾಗಿಲು ತೆಗೆಯಲಿಲ್ಲ. ಮತ್ತೆ ಒತ್ತಿದೆ. ಫೋನ್ ಮಾಡಿದರೆ ಒಳಗೆ ರಿಂಗ್ ಆಗುವುದು ನನಗೇ ಕೇಳಿಸುತ್ತಿದೆ, ಎತ್ತುವವರಿಲ್ಲ. ಕೈಯಲ್ಲಿ ಕೀ ಇದೆ, ಆದರೆ ಒಳಗಿಂದ ಚಿಲಕ ಹಾಕಿದೆ, ಕೀ ಇದ್ದು ಏನು ಪ್ರಯೋಜನ? ಹತ್ತು ನಿಮಿಷ ಬಾಗಿಲು ಬಡಿದ ಮೇಲೆ ಕಣ್ಣುಜ್ಜಿಕೊಂಡು ಬಂದ ಮಗ ಕೇಳಿದ, "ಯಾಕಮ್ಮಾ ಇಷ್ಟು ಜೋರಾಗಿ ಬಡೀತಿದೀಯ?" ನಿದ್ದೆ ಹೋಗಿದ್ದ, ಅಷ್ಟೇ. ಅವನ ತಪ್ಪೇನೂ ಇರಲಿಲ್ಲ. ಚಿಲಕ ಹಾಕಿಕೋ ಅಂತ ಹೇಳಿದ್ದೇ ನಾನು.

ಮಗು ತಯಾರಿದೆಯಾ ಅಂತ ತಿಂಗಳುಗಟ್ಟಲೆ ಯೋಚಿಸಿದ್ದೆ. ಮನೆ ತಯಾರಿದೆಯಾ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಇಬ್ಬರು ಮಕ್ಕಳ ಜೊತೆ ಮಾಡಿದ ತಪ್ಪು, ಸರಿ ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ

ಎಲ್ಲರೂ ಕೇಳುವುದು ಇದನ್ನೇ, ಎಷ್ಟು ವರ್ಷ ಆಗಿರಬೇಕು? ಕಾನೂನು ನೋಡಿದರೆ ಒಂದೊಂದು ಕಡೆ ಒಂದೊಂದು ಉತ್ತರ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 8 ವರ್ಷ ತುಂಬದ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ, ಅದನ್ನು ನೋಡಿಕೊಳ್ಳುವವರಿಗೆ ಕನಿಷ್ಠ 13 ಆಗಿರಬೇಕು. ನ್ಯೂಜಿಲೆಂಡ್‌ನಲ್ಲಿ 14ಕ್ಕಿಂತ ಚಿಕ್ಕವರನ್ನು ಸರಿಯಾದ ವ್ಯವಸ್ಥೆ ಮಾಡದೆ ಬಿಟ್ಟುಹೋದರೆ ಅಪರಾಧ. ಬ್ರಿಟನ್ನಿನ ಕಾನೂನು ವಯಸ್ಸನ್ನೇ ಹೇಳುವುದಿಲ್ಲ, ಮಗುವಿಗೆ ಅಪಾಯ ಆಗುವಂತೆ ಬಿಟ್ಟರೆ ತಪ್ಪು ಅನ್ನುತ್ತದೆ. ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಸಲಹೆ ಏನೆಂದರೆ 12ಕ್ಕಿಂತ ಚಿಕ್ಕವರನ್ನು, ಅದರಲ್ಲೂ ಜಾಸ್ತಿ ಹೊತ್ತು, ಬಿಡಬೇಡಿ. 16 ಆಗುವ ತನಕ ರಾತ್ರಿಯಿಡೀ ಬಿಡಬೇಡಿ. ಭಾರತದಲ್ಲೂ ವಯಸ್ಸಿನ ಗೆರೆ ಇಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕಾದವರೇ ಬೇಕಂತಲೇ ನಿರ್ಲಕ್ಷ್ಯ ಮಾಡಿ ಮಗುವನ್ನು ತೊಂದರೆಗೆ ದೂಡಿದರೆ ಶಿಕ್ಷೆ ಇದೆ. ನೀವಿರುವ ಕಡೆ ಏನು ನಿಯಮ ಅಂತ ಒಮ್ಮೆ ನೋಡಿಕೊಳ್ಳಿ.

ನನ್ನ ಲೆಕ್ಕ ಹೀಗೆ. 8ರ ಒಳಗೆ ಬೇಡವೇ ಬೇಡ. 9, 10ರಲ್ಲಿ ಹತ್ತು ಹದಿನೈದು ನಿಮಿಷ, ಅದೂ ಕೂಗಿದರೆ ಕೇಳುವಷ್ಟು ಹತ್ತಿರ ಗೊತ್ತಿರುವ ದೊಡ್ಡವರು ಇದ್ದರೆ. 11, 12ರಲ್ಲಿ ಹಗಲು ಹೊತ್ತಿನಲ್ಲಿ ಒಂದೆರಡು ಗಂಟೆ. ಇದು ಮೇಲಿನ ಮಿತಿ, ಇಷ್ಟು ವಯಸ್ಸಾಯಿತು ಅಂದ ಮಾತ್ರಕ್ಕೆ ಬಿಡಬಹುದು ಅಂತಲ್ಲ. ಒಂಬತ್ತಕ್ಕೇ ಗಟ್ಟಿಯಾದ ಮಕ್ಕಳಿದ್ದಾರೆ, ಹದಿಮೂರಾದರೂ ಕರೆಂಟ್ ಹೋದರೆ ಕೈಕಾಲು ಬಿಡುವವರಿದ್ದಾರೆ.

ಹಂತ 1: ಎರಡು ವಾರ ಏನೂ ಹೇಳದೆ ಸುಮ್ನೆ ಗಮನಿಸಿ

ಮಗುವಿಗೆ ಮೊದಲೇ ಹೇಳಿದರೆ ಆ ಎರಡು ವಾರ ಅದರಂಥ ಮಗು ಇನ್ನೊಂದಿಲ್ಲ ಅನ್ನುವ ಹಾಗೆ ಇರುತ್ತದೆ, ನಿಮಗೇನೂ ಗೊತ್ತಾಗುವುದಿಲ್ಲ.

ನಾನು ಮುಖ್ಯವಾಗಿ ನೋಡುವುದು, ಏನಾದರೂ ಒಡೆದಾಗ ಮಗು ಏನು ಮಾಡುತ್ತದೆ ಅನ್ನುವುದನ್ನು. ಗಾಜಿನ ಲೋಟ ಕೈಜಾರಿ ಬಿತ್ತು. ಬಂದು ಹೇಳುತ್ತದಾ, ಇಲ್ಲಾ ಚೂರುಗಳನ್ನು ಸೋಫಾ ಕೆಳಗೆ ತಳ್ಳುತ್ತದಾ? ತಳ್ಳುವ ಮಗು ಎಷ್ಟೇ ಜಾಣ ಇರಲಿ, ಕ್ಲಾಸಿಗೇ ಮೊದಲು ಬರುತ್ತಿರಲಿ, ಒಂಟಿಯಾಗಿ ಇರಲು ಇನ್ನೂ ತಯಾರಾಗಿಲ್ಲ. ಮನೆಯಲ್ಲಿ ಆಗುವ ಎಷ್ಟೋ ಅನಾಹುತ ಸಣ್ಣದಾಗಿಯೇ ಶುರುವಾಗುತ್ತದೆ: ಪ್ಲಗ್ ಸ್ವಲ್ಪ ಕಪ್ಪಾಯಿತು, ಕೈ ಸ್ವಲ್ಪ ಸುಟ್ಟಿತು, ಆಟ ಆಡುವಾಗ ಆನ್‌ಲೈನ್‌ನಲ್ಲಿ ಯಾರೋ ವಿಚಿತ್ರವಾಗಿ ಏನೋ ಕೇಳಿದರು. ಆ ಹೊತ್ತಿಗೆ ಮಗು ನಿಮಗೆ ಫೋನ್ ಮಾಡಿದರೆ ಅರ್ಧ ಕೆಲಸ ಆದ ಹಾಗೆ. "ಅಮ್ಮನಿಗೆ ಗೊತ್ತಾದರೆ ಬೈತಾಳೆ" ಅಂತ ತಾನೇ ಸರಿಮಾಡಲು ಹೊರಟರೆ ಕಷ್ಟ.

ಮತ್ತೆ, ಮಗು ಮುಚ್ಚಿಡುವುದನ್ನು ಕಲಿಯುವುದು ಬಹಳ ಸಲ ನಮ್ಮ ಬಾಯಿಯಿಂದಲೇ. ಲೋಟ ಒಡೆದ ಸದ್ದಿಗೆ ನನ್ನ ಬಾಯಲ್ಲಿ ಮೊದಲು ಬರುತ್ತಿದ್ದದ್ದು "ಏನು ಬೀಳಿಸಿದೆ?" ಅದನ್ನು "ಕಾಲಿಗೆ ಚುಚ್ಚಿತಾ?" ಅಂತ ಬದಲಾಯಿಸಿಕೊಳ್ಳಲು ನನಗೆ ಎರಡು ತಿಂಗಳಿಗಿಂತ ಜಾಸ್ತಿ ಹಿಡಿಯಿತು, ಈಗಲೂ ಒಮ್ಮೊಮ್ಮೆ ಹಳೆಯದೇ ಬರುತ್ತದೆ. ಮಗುವನ್ನು ಒಂಟಿಯಾಗಿ ಬಿಡುವ ತಯಾರಿ ಅಂದರೆ ಇದರಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ತಾನಾಗಿ ಬಂದು ಹೇಳಿದ ತಪ್ಪಿಗೆ ಬೈಗುಳ ಇಲ್ಲ, ಶಿಕ್ಷೆಯೂ ಇಲ್ಲ. ಈ ಮಾತನ್ನು ಕೊಟ್ಟರೆ ಸಾಲದು, ಒಂದೆರಡು ಸಲ ಉಳಿಸಿಕೊಂಡು ತೋರಿಸಬೇಕು.

ಇನ್ನು ಉಳಿದವು. ನೀವು ಪಕ್ಕದ ಕೋಣೆಯಲ್ಲಿದ್ದು ಒಂದು ಗಂಟೆ ಮಾತಾಡಿಸದೆ ಇದ್ದರೆ ತನ್ನಷ್ಟಕ್ಕೆ ಇರುತ್ತದಾ, ಹತ್ತು ಸಲ ಕರೆಯುತ್ತದಾ? ಅರ್ಧ ಗಂಟೆ ಟಿವಿ ಅಂದರೆ ನೀವು ನೋಡದೆ ಇದ್ದಾಗಲೂ ಅರ್ಧ ಗಂಟೆಗೆ ನಿಲ್ಲಿಸುತ್ತದಾ? ನಲ್ಲಿ, ಫ್ಯಾನು, ಬಾಗಿಲು ಇವನ್ನು ಹೇಳದೆ ಮುಚ್ಚುವ, ಆರಿಸುವ ಅಭ್ಯಾಸ ಇದೆಯಾ? ಫೋನ್ ಹಿಡಿದು ಕೂತಾಗ ಕರೆದರೆ ಕಿವಿಗೆ ಬೀಳುತ್ತದಾ? ಈ ಕೊನೆಯದನ್ನು ಸಣ್ಣದು ಅಂತ ಬಿಡಬೇಡಿ. ಇಯರ್‌ಫೋನ್ ಹಾಕಿದ ಮಗುವಿಗೆ ಬೆಲ್ಲೂ ಕೇಳಿಸುವುದಿಲ್ಲ, ಅಲಾರಮ್ಮೂ ಕೇಳಿಸುವುದಿಲ್ಲ.

ಹಂತ 2: ಮಗುವನ್ನೇ ಕೇಳಿ, ಆದರೆ ಉತ್ತರ ಬಾಯಲ್ಲಷ್ಟೇ ಹುಡುಕಬೇಡಿ

"ಒಬ್ಬಳೇ ಇರ್ತೀಯಾ?" ಅಂದರೆ ಹೆಚ್ಚಿನ ಮಕ್ಕಳು ಹೂಂ ಅನ್ನುತ್ತಾರೆ. ದೊಡ್ಡವರು ಅನ್ನಿಸಿಕೊಳ್ಳುವ ಆಸೆ, ಇಲ್ಲಾ ನಿಮಗೆ ಅನುಕೂಲ ಆಗಲಿ ಅಂತ. ಹಾಗಾಗಿ ಬೇರೆ ಥರ ಕೇಳಿ: "ನೀನೊಬ್ಬಳೇ ಇದ್ದಾಗ ಯಾವುದು ಕಷ್ಟ ಅನ್ನಿಸಬಹುದು?" ನನ್ನ ಮಗಳು ಕಳ್ಳರು, ಕತ್ತಲೆ ಅಂತ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು, "ಬಾತ್‌ರೂಮಲ್ಲಿದ್ದಾಗ ಬೆಲ್ ಆದರೆ ಏನು ಮಾಡಲಿ?" ಎಂಥ ಒಳ್ಳೆಯ ಪ್ರಶ್ನೆ ಅಲ್ವಾ! ಇಂಥ ಪ್ರಶ್ನೆ ಬಂತು ಅಂದರೆ ಮಗು ನಿಜವಾಗಿ ಯೋಚಿಸಿದೆ ಅಂತ ಅರ್ಥ. "ಏನೂ ಕಷ್ಟ ಇಲ್ಲ, ನೀವು ಹೋಗಿ" ಅನ್ನುವ ಮಗುವಿನ ಬಗ್ಗೆ ನನಗೆ ಭಯ ಜಾಸ್ತಿ.

ಬೇಡ ಅಂದರೆ ಬೇಡ. ತಮಾಷೆ ಮಾಡಬೇಡಿ, ಪಕ್ಕದ ಮನೆ ಮಗುವಿನ ಹೆಸರು ಎತ್ತಬೇಡಿ. ಆರು ತಿಂಗಳು ಬಿಟ್ಟು ಕೇಳಿದರೂ ಆಯಿತು.

ಹಂತ 3: ಮನೆಯನ್ನು ಮಗುವಿನ ಎತ್ತರದಿಂದ ನೋಡಿ

ಬಾಗಿಲಿನಿಂದ ಶುರು ಮಾಡಿ. ಒಳಗಿನಿಂದ ಚಿಲಕ ಹಾಕಿದರೂ ಹೊರಗಿನಿಂದ ನೀವು ತೆಗೆಯುವ ದಾರಿ ಇರಬೇಕು. ನಾವು ಆ ದಿನದ ನಂತರ ಕೀಯಿಂದ ಎರಡೂ ಕಡೆ ತೆಗೆಯುವ ಲಾಕ್ ಮಾತ್ರ ಬಳಸುತ್ತೇವೆ, ಚಿಲಕ ಮುಟ್ಟುವಂತಿಲ್ಲ. ಬಾತ್‌ರೂಮ್ ಚಿಲಕವೂ ಅಷ್ಟೇ. ಬಿಗಿಯಾಗಿ ಸಿಕ್ಕಿಹಾಕಿಕೊಳ್ಳುವ ಚಿಲಕ ಇದ್ದರೆ ಒಬ್ಬರೇ ಇದ್ದಾಗ ಬಾಗಿಲು ಮುಂದೆ ಮಾಡಿಕೊಂಡರೆ ಸಾಕು ಅಂತ ಹೇಳಿ.

ಒಂದು ಮಾತು ಜೋರಾಗಿಯೇ ಹೇಳುತ್ತೇನೆ. ಮಗುವನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಬೇಡಿ. "ಹಾಗಾದರೆ ಸೇಫ್" ಅಂತ ಎಷ್ಟೋ ಜನ ಮಾಡುತ್ತಾರೆ. ಬೆಂಕಿ ಬಿದ್ದರೆ, ಹೊಗೆ ತುಂಬಿದರೆ, ಆ ಮಗು ಹೊರಗೆ ಬರುವುದು ಹೇಗೆ? ಹೊರಗಿನಿಂದ ಬೀಗ ಹಾಕದೆ ಬಿಡಲು ನಿಮಗೆ ಧೈರ್ಯ ಬರುತ್ತಿಲ್ಲ ಅಂದರೆ ಮಗು ಇನ್ನೂ ತಯಾರಿಲ್ಲ ಅಂತಲೇ ಅರ್ಥ.

ಆಮೇಲೆ ಬಾಲ್ಕನಿ, ಕಿಟಕಿ. ಹತ್ತಲು ಆಗುವಂಥ ಕುರ್ಚಿ, ಸ್ಟೂಲು, ದೊಡ್ಡ ಕುಂಡ ಹತ್ತಿರ ಇರಬಾರದು. ಮಾತ್ರೆ, ಕೀಟನಾಶಕ, ನೆಲ ಒರೆಸುವ ಕೆಮಿಕಲ್ಲು ಬೀಗದೊಳಗೆ. ಬೆಂಕಿಪೊಟ್ಟಣ, ಲೈಟರ್ ಕಣ್ಣಿಗೆ ಬೀಳದ ಕಡೆ. ಗ್ಯಾಸ್ ಸಿಲಿಂಡರ್ ಇದ್ದರೆ ಹೊರಡುವಾಗ ರೆಗ್ಯುಲೇಟರ್ ಆಫ್ ಮಾಡಿ, ಬರೀ ಒಲೆಯ ನಾಬ್ ಸಾಲದು. ಇಸ್ತ್ರಿಪೆಟ್ಟಿಗೆ ಪ್ಲಗ್ ತೆಗೆದು ಎತ್ತಿಡಿ. ಟಾರ್ಚ್ ಎಲ್ಲಿದೆ ಅಂತ ಮಗುವಿಗೆ ಗೊತ್ತಿರಲಿ, ಮೇಣದಬತ್ತಿ ಬೇಡ.

ಕೊನೆಗೆ ಒಂದು ಕಾಗದ. ದಪ್ಪ ಅಕ್ಷರದಲ್ಲಿ ನಿಮ್ಮಿಬ್ಬರ ನಂಬರ್, ಐದು ನಿಮಿಷದಲ್ಲಿ ಓಡಿ ಬರಬಲ್ಲ ಇಬ್ಬರ ನಂಬರ್, ತುರ್ತು ನಂಬರ್, ಮನೆಯ ಪೂರ್ತಿ ವಿಳಾಸ. ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಫೋನಿನಲ್ಲಿ ಸೇವ್ ಆಗಿದೆಯಲ್ಲ ಅನ್ನಬೇಡಿ, ಚಾರ್ಜ್ ಹೋಗುವುದು ಅಂಥ ಹೊತ್ತಿನಲ್ಲೇ. ವಿಳಾಸವೂ ಬೇಕು, ಯಾಕೆಂದರೆ ಲೊಕೇಶನ್ ಕಳಿಸಲು ಗೊತ್ತಿರುವ ಮಕ್ಕಳಿಗೆ ಮನೆ ಎಲ್ಲಿದೆ ಅಂತ ಬಾಯಲ್ಲಿ ಹೇಳಲು ಬರುವುದಿಲ್ಲ.

ಹಂತ 4: ನಿಯಮ ನಾಲ್ಕೇ ಇರಲಿ

ಇಪ್ಪತ್ತು ಹೇಳಿದರೆ ಒಂದೂ ನೆನಪಿರುವುದಿಲ್ಲ.

ಬಾಗಿಲು: ಪಟ್ಟಿಯಲ್ಲಿರುವ ಜನರಿಗೆ ಬಿಟ್ಟು ಯಾರಿಗೂ ತೆಗೆಯುವಂತಿಲ್ಲ. ಪಾರ್ಸೆಲ್ ತಂದವರು ಹೊರಗೆ ಇಟ್ಟು ಹೋಗಲಿ. "ನಿಮ್ಮಮ್ಮ ಕಳಿಸಿದ್ದಾರೆ" ಅಂತ ಯಾರಾದರೂ ಬಂದರೆ ಮೊದಲು ನಿಮಗೆ ಫೋನ್. ಮನೆಯವರಷ್ಟಕ್ಕೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಅದು ಹೇಳದವರ ಜೊತೆ ಮಾತೇ ಇಲ್ಲ. ಇನ್ನು ನನ್ನ ಮಗಳ ಪ್ರಶ್ನೆಗೆ ಉತ್ತರ: ಬಾತ್‌ರೂಮಲ್ಲಿದ್ದಾಗ ಬೆಲ್ ಆದರೆ ಆಗಲಿ, ಏನೂ ಮಾಡಬೇಡ.

ಫೋನ್: ನಾವು ಮಾಡಿದ ಕರೆ ಎತ್ತಲೇಬೇಕು. ಬೇರೆಯವರು ಕೇಳಿದರೆ "ಅಮ್ಮ ಈಗ ಫೋನಿಗೆ ಬರೋಕಾಗಲ್ಲ, ಆಮೇಲೆ ಮಾಡ್ತಾರೆ." ಅಷ್ಟೇ, ಜಾಸ್ತಿ ವಿವರ ಬೇಡ. ಇದರ ಜೊತೆಗೇ ಬರುವ ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: "ಮನೇಲಿ ಯಾರೂ ಇಲ್ಲ, ಒಬ್ಬನೇ" ಅಂತ ಸ್ಟೇಟಸ್ ಹಾಕುವುದು, ಗೇಮ್ ಆಡುವಾಗ ಚಾಟಿನಲ್ಲಿ ಹೇಳುವುದು. ಬಾಗಿಲು ಹಾಕಿಕೊಂಡು ಕಿಟಕಿಯಿಂದ ಕೂಗಿ ಹೇಳಿದ ಹಾಗೆ ಅದು.

ಬೆಂಕಿ: ಮೊದಲ ಕೆಲವು ತಿಂಗಳು ಒಲೆ ಮುಟ್ಟುವಂತಿಲ್ಲ, ಎಷ್ಟೇ ಚೆನ್ನಾಗಿ ಅಡುಗೆ ಕಲಿತಿದ್ದರೂ. ಬಿಸಿ ಮಾಡದೆ ತಿನ್ನುವಂಥದ್ದು ಇಟ್ಟು ಹೋಗಿ.

ಸ್ನೇಹಿತರು: ಹೇಳದೆ ಯಾರನ್ನೂ ಕರೆಯುವಂತಿಲ್ಲ. ಒಂಟಿಯಾಗಿದ್ದಾಗ ಹೊಳೆಯದ ಸಾಹಸಗಳು ಇಬ್ಬರು ಸೇರಿದರೆ ತಾನಾಗಿ ಹೊಳೆಯುತ್ತವೆ.

ಹಂತ 5: ಪ್ರಶ್ನೋತ್ತರ ಬೇಡ, ನಾಟಕ ಆಡಿ

"ಬೆಂಕಿ ಬಿದ್ದರೆ ಏನು ಮಾಡ್ತೀಯಾ?" ಅಂದರೆ "ಫೋನ್ ಮಾಡ್ತೀನಿ" ಅನ್ನುತ್ತದೆ ಮಗು. ಸರಿ, ಈಗ ಮಾಡಿ ತೋರಿಸು ಅಂದರೆ ಫೋನ್ ಎಲ್ಲಿದೆ ಅಂತ ಹುಡುಕುತ್ತದೆ. ಅದಕ್ಕೇ ಕೈಕಾಲು ಆಡಿಸಿ ಅಭ್ಯಾಸ ಮಾಡಿಸಬೇಕು.

ಬೆಂಕಿಯದ್ದು ಮೊದಲು. ಮಕ್ಕಳಿಗೆ ಒಂದೇ ಪಾಠ ಸಾಕು, ಆರಿಸಲು ಹೋಗಬೇಡ, ಹೊರಗೆ ಓಡು. ಹೋಗುವಾಗ ಬಾಗಿಲು ಎಳೆದುಕೊಂಡು ಹೋಗು, ಫೋನ್ ಹೊರಗೆ ಬಂದ ಮೇಲೆ, ವಾಪಸ್ ಒಳಗೆ ಹೋಗುವುದು ಯಾವುದಕ್ಕೂ ಇಲ್ಲ, ನಾಯಿಮರಿಗೂ ಇಲ್ಲ, ಟ್ಯಾಬಿಗೂ ಇಲ್ಲ. ಲಿಫ್ಟ್ ಬೇಡ, ಮೆಟ್ಟಿಲು. ಹೊಗೆ ಮೇಲಕ್ಕೆ ಹೋಗುತ್ತದೆ, ಹಾಗಾಗಿ ತೆವಳಿಕೊಂಡು ಹೋಗಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಕೋಣೆಯಿಂದ ಬಾಗಿಲಿನ ತನಕ ತೆವಳಿಸಿ ನೋಡಿ, ಅವರಿಗೆ ಇದು ಆಟ, ಆದರೆ ದಾರಿ ಕೈಗೆ ಗೊತ್ತಾಗಿಬಿಡುತ್ತದೆ. ಬಟ್ಟೆಗೆ ಬೆಂಕಿ ತಾಗಿದರೆ ಓಡದೆ ನೆಲದ ಮೇಲೆ ಉರುಳಬೇಕು.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಬರಬಹುದು. ಸೀದಾ ಹೊರಗೆ ಹೋಗಿ ಅಲ್ಲಿಂದ ಫೋನ್.

ಸಣ್ಣ ಗಾಯಗಳಿಗೆ ಮೂರು ವಿಷಯ ಸಾಕು. ಸುಟ್ಟರೆ ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ, ಗಡಿಯಾರ ನೋಡಿಕೊಂಡು. ಐಸ್, ಟೂತ್‌ಪೇಸ್ಟ್ ಏನೂ ಹಚ್ಚಬೇಡಿ. ರಕ್ತ ಬಂದರೆ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಪದೇಪದೇ ತೆಗೆದು ನೋಡಬಾರದು. ಮೂಗಿನಲ್ಲಿ ರಕ್ತ ಬಂದರೆ ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು 10 ನಿಮಿಷ ಹಿಸುಕಿ ಹಿಡಿಯುವುದು. ನಮ್ಮಲ್ಲಿ ಎಷ್ಟೋ ಜನರಿಗೆ ತಲೆ ಹಿಂದಕ್ಕೆ ಅಂತ ಹೇಳಿಕೊಟ್ಟಿದ್ದಾರೆ, ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಮೂರರಲ್ಲೂ ಕೊನೆಯ ಸಾಲು ಒಂದೇ: ನಮಗೆ ಫೋನ್ ಮಾಡು.

ತುರ್ತು ನಂಬರ್ ಭಾರತದಲ್ಲಿ, ಯುರೋಪಿನ ದೇಶಗಳಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999. ಭಾರತದಲ್ಲಿ ಮಕ್ಕಳ ಸಹಾಯವಾಣಿ 1098. ಸ್ಮಾರ್ಟ್‌ಫೋನ್ ಲಾಕ್ ಆಗಿದ್ದರೂ ತುರ್ತು ಕರೆ ಹೋಗುತ್ತದೆ, ಆ ಬಟನ್ ಎಲ್ಲಿದೆ ಅಂತ ತೋರಿಸಿ. ನಿಜವಾಗಿ ಡಯಲ್ ಮಾಡಬೇಡಿ, ನೀವೇ ಆ ಕಡೆಯವರಾಗಿ ಮಾತಾಡಿ: ಹೆಸರು, ಏನಾಗಿದೆ, ಎಲ್ಲಿ. ನಮ್ಮ ಮನೆಯಲ್ಲಿ ಮೊದಲ ಸಲ ಆಡಿದಾಗ ಮಗ ಎಲ್ಲ ಹೇಳಿ ವಿಳಾಸ ಹೇಳುವ ಮೊದಲೇ ಫೋನ್ ಇಟ್ಟುಬಿಟ್ಟ. ಆ ಕಡೆಯವರು ಇಡಿ ಅನ್ನುವ ತನಕ ಇಡಬಾರದು, ಅದೂ ಒಂದು ಪಾಠ.

ಹಂತ 6: ಹತ್ತು ನಿಮಿಷದಿಂದ ಶುರು

ಮೊದಲ ಸಲ ಎಲ್ಲಿಗೂ ಹೋಗಬೇಡಿ. ಕೆಳಗೆ ಇಳಿದು ಹತ್ತು ನಿಮಿಷ ನಿಂತು ಬನ್ನಿ. ಇದು ನಾಲ್ಕೈದು ಸಲ ಆದ ಮೇಲೆ ಇಪ್ಪತ್ತು ನಿಮಿಷ, ಆಮೇಲೆ ಮುಕ್ಕಾಲು ಗಂಟೆ. ನಮಗೆ ಹತ್ತು ನಿಮಿಷದಿಂದ ಎರಡು ಗಂಟೆಗೆ ಬರಲು ಐದಾರು ತಿಂಗಳು ಬೇಕಾಯಿತು. ಮೊದಮೊದಲು ಹಗಲಲ್ಲೇ ಹೋಗಿ, ಕತ್ತಲಾಗುವ ಹೊತ್ತು ಬೇಡ. ಸಂಜೆ ಒಂದೊಂದೇ ಸದ್ದು ಶುರುವಾದರೆ ಗಟ್ಟಿ ಮಕ್ಕಳೂ ಮೆತ್ತಗಾಗುತ್ತಾರೆ.

ಹೇಳಿದ ಹೊತ್ತಿಗಿಂತ ಐದು ನಿಮಿಷ ಮೊದಲೇ ಬನ್ನಿ. ಲೇಟ್ ಆಗುವಂತಿದ್ದರೆ ಆ ಸಮಯ ಆಗುವ ಮೊದಲೇ ಫೋನ್ ಮಾಡಿ, ಆದ ಮೇಲಲ್ಲ. ಮಗು ಕಿಟಕಿ ಹತ್ತಿರ ನಿಂತು ಗಡಿಯಾರ ನೋಡುತ್ತಿರುತ್ತದೆ ಅನ್ನುವುದು ನಮಗೆ ಟ್ರಾಫಿಕ್ಕಿನಲ್ಲಿ ನೆನಪಾಗುವುದಿಲ್ಲ. ಹಾಗಂತ ಐದೈದು ನಿಮಿಷಕ್ಕೆ ಕರೆ ಮಾಡಿ ಜೀವ ತಿನ್ನಬೇಡಿ, ಅರ್ಧ ಗಂಟೆಗೆ ಒಂದು ಸಾಕು. ಕ್ಯಾಮೆರಾ ಬಗ್ಗೆ ಕೇಳುತ್ತಾರೆ. ಬಾಗಿಲ ಹೊರಗೆ ಇರಲಿ, ಒಳ್ಳೆಯದೇ. ಒಳಗೆ ಹಾಕಿ ನೋಡುತ್ತಾ ಕೂತರೆ ಅದು ಮಗುವನ್ನು ಬಿಟ್ಟ ಹಾಗೂ ಅಲ್ಲ, ಜೊತೆಗಿದ್ದ ಹಾಗೂ ಅಲ್ಲ. ಹಾಕಲೇಬೇಕು ಅನ್ನಿಸಿದರೆ ಮಗುವಿಗೆ ಹೇಳಿಯೇ ಹಾಕಿ.

ಆ ಹೊತ್ತನ್ನು ಹೇಗೆ ಕಳೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬೇಜಾರಾದ ಮಗು ಡ್ರಾಯರ್ ತೆಗೆಯುತ್ತದೆ.

ವಾಪಸ್ ಬಂದ ಕೂಡಲೇ ಮನೆಯೆಲ್ಲ ಸುತ್ತಿ ತಪಾಸಣೆ ಮಾಡಬೇಡಿ. ಚಪ್ಪಲಿ ಬಿಡಿ, ನೀರು ಕುಡಿಯಿರಿ, "ಹೇಗಿತ್ತು?" ಅಂತ ಕೇಳಿ ಸುಮ್ನಿರಿ. ಮುಖ್ಯವಾದದ್ದು ಸಾಮಾನ್ಯವಾಗಿ ರಾತ್ರಿ ಮಲಗುವ ಹೊತ್ತಿಗೆ ತಾನಾಗಿ ಹೊರಗೆ ಬರುತ್ತದೆ.

ಹಂತ 7: ತಮ್ಮನೋ ತಂಗಿಯೋ ಇದ್ದರೆ ಲೆಕ್ಕ ಬೇರೆ

ತಾನೊಬ್ಬಳೇ ಇರಬಲ್ಲ ಹನ್ನೆರಡರ ಹುಡುಗಿ, ಆರು ವರ್ಷದ ತಮ್ಮನನ್ನೂ ನೋಡಿಕೊಳ್ಳುತ್ತಾಳೆ ಅಂತಲ್ಲ. ಅದು ಇನ್ನೊಂದೇ ಕೆಲಸ. ಮೊದಲು ನೀವು ಮನೆಯಲ್ಲೇ ಇದ್ದು, ಇಲ್ಲದವರ ಹಾಗೆ ಕೋಣೆ ಸೇರಿಕೊಂಡು, ಒಂದು ಗಂಟೆ ಅವಳ ಕೈಗೆ ಬಿಟ್ಟು ನೋಡಿ. ಜಗಳ ಆದರೆ ಯಾರ ಮಾತು ನಡೆಯುತ್ತದೆ? ಚಿಕ್ಕವನು ಅವಳ ಮಾತು ಕೇಳುತ್ತಾನಾ? ಇಬ್ಬರೂ ಕೈ ಎತ್ತುವ ಜಾತಿಯವರಾದರೆ ಸದ್ಯಕ್ಕೆ ಒಟ್ಟಿಗೆ ಬಿಡುವುದು ಬೇಡ. ಇನ್ನು ಅಂಬೆಗಾಲಿಡುವ, ಈಗಷ್ಟೇ ನಡೆಯುವ ಮಗುವನ್ನು ಇನ್ನೊಂದು ಮಗುವಿನ ಮೇಲೆ ಬಿಡಲೇಬಾರದು. ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ಅಷ್ಟು ಚಿಕ್ಕ ಮಗು ಮುಳುಗಬಹುದು, ಸದ್ದೂ ಆಗುವುದಿಲ್ಲ. ಅದರ ಹೊಣೆ ಹನ್ನೆರಡು ವರ್ಷದ ತಲೆಯ ಮೇಲೆ ಹಾಕುವುದು ಅನ್ಯಾಯ.

ಹಂತ 8: ಬೇಡ ಅನ್ನುವ ದಿನಗಳು

ಜ್ವರ ಇದ್ದ ದಿನ ಬೇಡ. ಹೊಸ ಮನೆಗೆ ಬಂದ ಮೊದಲ ವಾರಗಳಲ್ಲಿ ಬೇಡ, ಅಲ್ಲಿನ ಸದ್ದುಗಳು ಇನ್ನೂ ಪರಿಚಯ ಆಗಿರುವುದಿಲ್ಲ. ಬೆಳಿಗ್ಗೆ ನಿಮ್ಮಿಬ್ಬರಿಗೂ ಜಗಳ ಆಗಿದ್ದರೆ ಬೇಡ, ಮುನಿಸಿಕೊಂಡ ಮಗು ಫೋನ್ ಮಾಡುವುದಿಲ್ಲ. ಆಸ್ತಮಾ, ಫಿಟ್ಸ್ ಇಂಥದ್ದು ಇರುವ ಮಕ್ಕಳ ವಿಷಯ ಡಾಕ್ಟರ ಹತ್ತಿರ ಕೇಳಿಯೇ ತೀರ್ಮಾನ ಮಾಡಿ.

ಚೆನ್ನಾಗಿ ನಡೆಯುತ್ತಿದ್ದದ್ದು ಒಮ್ಮೊಮ್ಮೆ ಕೆಡುತ್ತದೆ. ನನ್ನ ಮಗಳು ಆರೇಳು ಸಲ ಆರಾಮಾಗಿ ಇದ್ದವಳು ಒಂದು ದಿನ ನಾನು ಬಂದಾಗ ಮನೆಯ ದೀಪವೆಲ್ಲ ಹಾಕಿಕೊಂಡು, ಟಿವಿ ಜೋರಾಗಿಟ್ಟು ಬಾಗಿಲ ಪಕ್ಕದಲ್ಲೇ ಕೂತಿದ್ದಳು. ಮೇಲಿನ ಮನೆಯಲ್ಲಿ ಏನೋ ಬಿದ್ದ ಸದ್ದು. ಏನಾಯಿತು ಅಂದರೆ "ಏನಿಲ್ಲ" ಅಂದಳು. ಫೋನ್ ಯಾಕೆ ಮಾಡಲಿಲ್ಲ ಅಂದದ್ದಕ್ಕೆ, "ಮಾಡಿದ್ರೆ ಇನ್ನು ಬಿಟ್ಟು ಹೋಗಲ್ಲ ಅಂತೀಯ ಅಂತ." ಭಯ ಆಯಿತು ಅಂತ ಫೋನ್ ಮಾಡಿದ್ದಕ್ಕೆ ಬಿಟ್ಟು ಹೋಗುವುದನ್ನು ನಿಲ್ಲಿಸುವುದಿಲ್ಲ ಅಂತ ಅವತ್ತು ಮಾತು ಕೊಟ್ಟೆ. ಎರಡು ತಿಂಗಳು ಸುಮ್ಮನಿದ್ದು ಮತ್ತೆ ಹತ್ತು ನಿಮಿಷದಿಂದ ಶುರು ಮಾಡಿದೆವು. ಆ ಹತ್ತು ನಿಮಿಷದಲ್ಲಿ ಅವಳು ಮೂರು ಸಲ ಫೋನ್ ಮಾಡಿದಳು, ಮೂರೂ ಸಲ ಎತ್ತಿ ಮಾತಾಡಿದೆ.